ಕಣ್ಣು ಮುಚ್ಚಿ ಕೇಳುವವನು

"ಎಲ್ಲಿ ತಪ್ಪಾಯ್ತು ಅಂತ ನಿಮ್ಗೆ ಗೊತ್ತು ತಾನೇ? ಹಾಗಾದ್ರೆ ಬಾಯ್ಬಿಟ್ಟು ಹೇಳ್ರೀ!"

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿ ಅವನು ಹಿಂದಕ್ಕೆ ತಿರುಗಿದ. ಹಿಂದಿನ ಕುರ್ಚಿಯಲ್ಲಿ ಅವಳು ತುಟಿ ಕಚ್ಚಿಕೊಂಡು ಕೂತೇ ಇದ್ದಳು.

ಅದು ಆಂಬ್ಯುಲೆನ್ಸ್ ಕಂಟ್ರೋಲ್ ರೂಮ್. ಕರೆ ತೆಗೆದುಕೊಂಡು, ವಿಳಾಸ ಟೈಪ್ ಮಾಡಿ, ಹತ್ತಿರದ ಗಾಡಿ ಕಳಿಸುವುದು ಅವನ ಕೆಲಸ. ಗಾಬರಿಯಾದವರಿಗೆಲ್ಲ "ಸಮಾಧಾನ, ಸಮಾಧಾನ" ಎನ್ನುತ್ತಿದ್ದುದರಿಂದ ಅಲ್ಲಿ ಅವನ ಹೆಸರೇ ಸಮಾಧಾನಪ್ಪ ಎಂದಾಗಿತ್ತು. ಇವತ್ತು ಮಾತ್ರ ಸಮಾಧಾನಪ್ಪ ಕೆಂಡವಾಗಿದ್ದ!

ಕಾರಣ ಅವಳೇ. ಹಳೆಯ ಬೂದು ಬಣ್ಣದ ಪ್ರೋಗ್ರಾಂ ತೆಗೆದು, ಬ್ರೌಸರಿನಲ್ಲಿ ತೆರೆಯುವ ಹೊಸ ಸ್ಕ್ರೀನ್ ಮಾಡಿದ್ದು ಅವಳು. ಬಣ್ಣಬಣ್ಣದ ಮ್ಯಾಪ್, ಅದರ ಮೇಲೆ ಓಡಾಡುವ ಪುಟಾಣಿ ಗಾಡಿಗಳು, ಮೆಲ್ಲಗೆ ತೇಲಿ ಬರುವ ಸಂದೇಶದ ಕಿಟಕಿಗಳು... ಮಗುವಿಗೆ ಅಲಂಕಾರ ಮಾಡುವ ಹಾಗೆ ತಿಂಗಳುಗಟ್ಟಲೆ ಅದನ್ನು ತಿದ್ದಿ ತೀಡಿದ್ದಳು. ಇವತ್ತು ಅದರ ಪರೀಕ್ಷೆ. ಪಕ್ಕದ ರೂಮಿನಿಂದ ಒಬ್ಬಾಕೆ ಸುಳ್ಳು ಕರೆ ಮಾಡಬೇಕು, ಅವನು ವಿಳಾಸ ತುಂಬಬೇಕು. ಅವಳು ಹಿಂದೆ ಕೂತು ನೋಡಬೇಕು, ಸ್ಕ್ರೀನಿನ ಮೇಲಿನ ಕ್ಯಾಮೆರಾದಿಂದ ಅವನ ಮುಖದ ವಿಡಿಯೋ ಮಾಡಿಕೊಳ್ಳಬೇಕು. ಆದರೆ ತುಟಿ ಪಿಟಕ್ಕೆನ್ನುವಂತಿಲ್ಲ! ಹೇಳಿಕೊಟ್ಟುಬಿಟ್ಟರೆ ಸ್ಕ್ರೀನಿನ ತಪ್ಪು ಸ್ಕ್ರೀನಿನಲ್ಲೇ ಉಳಿದುಹೋಗುತ್ತದೆ.

ಪ್ರತಿ ಸಲವೂ ಅವನು ತುಂಬಿದ ವಿಳಾಸ ಅರ್ಧಕ್ಕರ್ಧ ಮಾಯವಾಗುತ್ತಿತ್ತು. ಅವನ ಕಿವಿ ಕೆಂಪಾಗುತ್ತಿತ್ತು. ಅವಳು ಬರೆದುಕೊಳ್ಳುತ್ತಿದ್ದಳು.

ಪರೀಕ್ಷೆ ಮುಗಿದ ಮೇಲೆ ಅವಳು ಮೆಲ್ಲಗೆ ಹೇಳಿದಳು. "ನಿಜ ಹೇಳ್ಲಾ? ಯಾಕೆ ಹಾಗಾಗ್ತಿದೆ ಅಂತ ನಂಗೂ ಗೊತ್ತಾಗ್ಲಿಲ್ಲ."

ಅವನು ಅವಳನ್ನೇ ನೋಡಿ, ಆಮೇಲೆ ನಕ್ಕುಬಿಟ್ಟ. "ಇದನ್ನ ಮೊದ್ಲೇ ಹೇಳಿದ್ರೆ ನನ್ನ ಬಿ.ಪಿ. ಆದ್ರೂ ಇಳೀತಿತ್ತಲ್ಲ, ಸ್ಕ್ರೀನ್ ಮೇಡಂ!"

ಬೈದವನು ಅಷ್ಟು ಚೆನ್ನಾಗಿ ನಗಬಾರದು. ಆದರೆ ನಕ್ಕ, ಏನು ಮಾಡುವುದು?

ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಅವಳು ವಿಡಿಯೋ ತೆರೆದು ತೋರಿಸಿದಳು. "ಕರೆ ಬಂದಾಗೆಲ್ಲ ನೀವು ಕಣ್ಣು ಮುಚ್ತೀರಲ್ಲ, ಯಾಕೆ?"

"ಕೇಳಿಸ್ಕೊಳ್ಳೋಕೆ! ಅಳ್ತಾ ಮಾತಾಡ್ತಾರೆ ರೀ. ಮನೆ ನಂಬರ್ ಅಳುವಲ್ಲೇ ಮುಳುಗೋಗುತ್ತೆ. ಕಣ್ಣು ಮುಚ್ಚಿದ್ರೆ ಒಂದೊಂದು ಅಕ್ಷರನೂ ಕಿವಿಗೆ ಬೀಳುತ್ತೆ. ಟೈಪ್ ಮಾಡೋಕೆ ಕಣ್ಯಾಕೆ, ಬೆರಳಿಗೆ ಗೊತ್ತಲ್ಲ."

ಅವಳು ಟೀ ಲೋಟ ಕೆಳಗಿಟ್ಟಳು; ಈಗ ಅರ್ಥವಾಯಿತು. ಅವನು ಟೈಪ್ ಮಾಡುತ್ತಿರುವಾಗಲೇ 'ಹತ್ತಿರದ ಗಾಡಿ ಸಿಕ್ಕಿದೆ' ಎಂದು ಅವಳ ಮುದ್ದಿನ ಕಿಟಕಿ ತೇಲಿ ಬರುತ್ತಿತ್ತು. ಆಮೇಲೆ ಒತ್ತಿದ ಅಕ್ಷರಗಳೆಲ್ಲ ಆ ಕಿಟಕಿಯ ಪಾಲು! ಕಣ್ಣು ಮುಚ್ಚಿದವನಿಗೆ ಅದು ಗೊತ್ತಾಗುವುದಾದರೂ ಹೇಗೆ?

"ತಪ್ಪು ನಂದೇ. ಸರಿ ಮಾಡ್ತೀನಿ," ಎಂದಳು.

ಆಮೇಲೆ ದಿನಾ ಏನಾದರೊಂದು ನೆಪ ಹೇಳಿ ಅವಳು ಅಲ್ಲಿಗೆ ಬರತೊಡಗಿದಳು. ಅವನೂ ದಿನಾ ಟೀ ಆರಿಹೋಗುವವರೆಗೆ ಕಾಯತೊಡಗಿದ. ಅಪರಿಚಿತರ ಮನೆ ಬಾಗಿಲಿಗೆ ಗಾಡಿ ಮುಟ್ಟಿತೋ ಇಲ್ಲವೋ ಎಂದು ಇಷ್ಟೊಂದು ಚಡಪಡಿಸುವವನನ್ನು ಅವಳು ಎಲ್ಲೂ ಕಂಡಿರಲಿಲ್ಲ. 'ಇವನ ಮನೆಯವರು ಪುಣ್ಯವಂತರು...' ಎಂದುಕೊಂಡು, ಮರುಕ್ಷಣವೇ ತನ್ನ ಯೋಚನೆಗೆ ತಾನೇ ನಾಚಿದಳು.

ಹೊಸ ಸ್ಕ್ರೀನಿನ ಮೀಟಿಂಗ್ ಬಂದಿದ್ದು ಆಗಲೇ.

ದೊಡ್ಡ ಪರದೆಯ ಮೇಲೆ ಅವಳು ವಿಡಿಯೋ ಹಾಕಿದಳು. ಅವಳು ಬಾಯಿ ತೆರೆಯುವ ಮೊದಲೇ ಅವಳ ಬಾಸ್ ಕೈ ಎತ್ತಿ ನಿಲ್ಲಿಸಿದರು. "ಅಯ್ಯೋ, ಈ ಪುಣ್ಯಾತ್ಮ ನಿದ್ದೆ ಹೊಡೀತಿದ್ದಾನಲ್ರೀ! ಸ್ಕ್ರೀನ್ ಬಂಗಾರದಂಗಿದೆ, ಕೂತೋನೇ ಸರಿ ಇಲ್ಲ."

ಎಲ್ಲರೂ ನಕ್ಕರು. ಕಂಟ್ರೋಲ್ ರೂಮಿನ ಮೇಲ್ವಿಚಾರಕಿಯ ಮುಖ ಮಾತ್ರ ಬಿಗಿದುಕೊಂಡಿತು.

'ಹೇಳು, ಈಗಲೇ ಹೇಳು!' ಎಂದಿತು ಮನಸ್ಸು. ಆದರೆ ಆ ತಪ್ಪು ಇನ್ನೂ ಸರಿಯಾಗಿರಲಿಲ್ಲ, ಹೇಳಿದರೆ ಅಷ್ಟು ದಿನದ ಕೆಲಸ ಮೂಲೆಗೆ ಬೀಳುತ್ತದೆ. ಅಷ್ಟರಲ್ಲಿ ಬಾಸ್ ಅವಳತ್ತ ನೋಡಿ, "ಶಭಾಷ್! ಸೋಮವಾರದಿಂದ ಚಾಲೂ ಮಾಡೋಣ," ಎಂದರು. ಅವಳು ವಿಡಿಯೋ ನಿಲ್ಲಿಸಿ ಕೂತುಬಿಟ್ಟಳು.

ಮರುದಿನ ಅವನ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಅವನು ಸಾಮಾನಿನ ಕೋಣೆಯಲ್ಲಿ ಬ್ಯಾಂಡೇಜಿನ ಡಬ್ಬ ಜೋಡಿಸುತ್ತಿದ್ದ.

"ಕೇಳಿ ಇಲ್ಲಿ... ನಾನು..." ಅವಳು ಬಾಗಿಲಲ್ಲೇ ನಿಂತಳು.

"ಪರೀಕ್ಷೆ ಹೊತ್ತಲ್ಲಿ ಬಾಯ್ಮುಚ್ಕೊಂಡಿರ್ಬೇಕು, ಅದು ನಿಯಮ ಅಂದ್ರಿ. ಒಪ್ಕೊಂಡೆ." ಅವನು ತಲೆ ಎತ್ತಲಿಲ್ಲ. "ಮೀಟಿಂಗಲ್ಲೂ ಇದೆಯಾ ಮೇಡಂ ಆ ನಿಯಮ?"

ಅವನು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಮೆಲುದನಿಯನ್ನು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ನೇರವಾಗಿ ಬಾಸ್ ಬಳಿಗೆ ಹೊರಟಳು.

ಮಧ್ಯಾಹ್ನ ಅವಳ ಬಾಸ್ ಮತ್ತು ಮೇಲ್ವಿಚಾರಕಿ ಇಬ್ಬರೂ ಪರೀಕ್ಷೆಯ ಮೇಜಿನ ಮುಂದೆ ನಿಂತಿದ್ದರು. ಅವಳೇ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಳು.

"ಸರ್, ಪಕ್ಕದ ರೂಮಿಗೆ ಹೋಗಿ ನಿಮ್ಮ ಮನೆ ವಿಳಾಸನೇ ಹೇಳಿ. ಗಾಬರಿಯಾಗಿ ಹೇಳಿ, ಮನೇಲಿ ಯಾರೋ ಬಿದ್ದಿದ್ದಾರೆ ಅಂದ್ಕೊಳ್ಳಿ."

ಅವಳು ಕಣ್ಣು ಮುಚ್ಚಿ ಟೈಪ್ ಮಾಡಿದಳು. ಬಾಸ್ ವಾಪಸ್ ಬಂದು ಸ್ಕ್ರೀನ್ ನೋಡಿದರು. ಬೀದಿಯ ಹೆಸರು ಅರ್ಧಕ್ಕೆ ನಿಂತಿತ್ತು. ಮನೆ ನಂಬರ್ ಇರಲೇ ಇಲ್ಲ.

"ನಾನು ನಿದ್ದೆ ಮಾಡ್ತಿರ್ಲಿಲ್ಲ ಸರ್. ಅವರೂ ಮಾಡ್ತಿರ್ಲಿಲ್ಲ. ನನ್ನ ಕಿಟಕಿ ಅಕ್ಷರ ನುಂಗ್ತಿದೆ. ನಿನ್ನೇನೇ ಹೇಳ್ಬೇಕಿತ್ತು, ಹೆದರ್ಬಿಟ್ಟೆ. ಇದು ಸರಿಯಾಗೋವರೆಗೂ ಹಳೇ ಸ್ಕ್ರೀನೇ ಇರ್ಲಿ. ಅವರನ್ನ ಅವರ ಕುರ್ಚೀಲಿ ಕೂರ್ಸಿ."

"ಮುಂದಿನ ಪ್ರಾಜೆಕ್ಟ್ ನಿನ್ನ ಕೈಗೆ ಕೊಡೋದು ಕಷ್ಟ ಆಗುತ್ತಮ್ಮಾ," ಎಂದರು ಬಾಸ್.

"ಆಗ್ಲಿ ಸರ್."

ಮೇಲ್ವಿಚಾರಕಿ ಅವನನ್ನು ಕರೆತರಲು ಸಾಮಾನಿನ ಕೋಣೆಯತ್ತ ನಡೆದರು.

ಸಂಜೆ ಅವಳು ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಾ ಬಂದು ನಿಂತರು. ಅವನೇ!

"ನಿಮ್ಮ ಕೆಲ್ಸಕ್ಕೆ ನೀವೇ ಕಲ್ಲು ಹಾಕ್ಕೊಂಡ್ರಂತೆ?"

"ತಡವಾಗಿ ಹಾಕ್ಕೊಂಡೆ. ಅದೇ ಬೇಜಾರು."

"ನಾನೂ ಪೂರ್ತಿ ಕೇಳ್ದೆ ಚುಚ್ಚಿ ಮಾತಾಡ್ದೆ. ಕೇಳೋದೇ ನನ್ನ ಕೆಲ್ಸ, ನಿಮ್ಮ ಮಾತೇ ಕೇಳ್ಲಿಲ್ಲ ನೋಡಿ..."

ಬಸ್ಸು ಬಂತು. ಅವಳು ಹತ್ತಲಿಲ್ಲ. ಬಸ್ಸು ಹೋಯಿತು.

"ಜನರನ್ನ ನೋಡೋದು ನನ್ನ ಕೆಲ್ಸ," ಎಂದಳು ನೆಲ ನೋಡುತ್ತಾ. "ಆದ್ರೆ ನಿಮ್ಮನ್ನ... ಕೆಲ್ಸ ಮುಗಿದ್ಮೇಲೂ ನೋಡ್ತಾನೇ ಇದ್ದೆ. ನಂಗೆ ನೀವು ಇಷ್ಟ. ತುಂಬಾ ಇಷ್ಟ!"

ಊರಿನವರಿಗೆಲ್ಲ ಧೈರ್ಯ ಹೇಳುವವನು ಈಗ ಎರಡು ಸಲ ಕೆಮ್ಮಿದ.

"ನಮ್ಮಕ್ಕ ನಿನ್ನೆ ರಾತ್ರಿಯಿಂದ ಕೇಳ್ತಾನೇ ಇದ್ದಾಳೆ, ಯಾಕೋ ಮುಖ ಊದಿಸ್ಕೊಂಡಿದ್ದೀಯ, ಯಾರೋ ಆ ಹುಡುಗಿ ಅಂತ."

"ಅದಕ್ಕೆ ನೀವೇನಂದ್ರಿ?"

"ಇವತ್ತು ಫೋನಲ್ಲಿ ಜಗಳ ಆಗಿದೆ ಅಂದೆ. ಓಹೋ, ಜಗಳ ಆಡೋಷ್ಟು ಹತ್ತಿರದೋಳಾ ಅಂತ ಮನೆಯೆಲ್ಲ ಡಂಗುರ ಹೊಡೆದ್ಲು. ಅಮ್ಮ ಆಗ್ಲೇ ಸೊಸೆ ಲೆಕ್ಕ ಹಾಕ್ತಿದ್ದಾರೆ!"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಹಾಗಾದ್ರೆ ರಾಜಿ ಆಯ್ತು ಅಂತ ಹೇಳ್ಬಿಡಿ ಅವರಿಗೆ."

"ನೀವೇ ಬಂದು ಹೇಳಿ. ನಾನು ಹೇಳಿದ್ರೆ ಯಾರು ನಂಬ್ತಾರೆ?" ಅವನು ಮೆಲ್ಲಗೆ ಕೈ ಚಾಚಿದ. "ಬರ್ತೀರಾ?"

ಅವಳು ಆ ಕೈಯೊಳಗೆ ತನ್ನ ಕೈ ಇಟ್ಟಳು. "ಬರ್ತೀನಿ. ಅಲ್ಲಿ ಹೋದ್ಮೇಲೆ ನನ್ನ ಒಬ್ಳನ್ನೇ ಬಿಟ್ಟು ಸುಮ್ನೆ ಕೂರಬಾರ್ದು."

"ಪಕ್ಕದಲ್ಲೇ ಇರ್ತೀನಿ."

"ಎಷ್ಟು ಹೊತ್ತು?"

"ನೀವು ಸಾಕು ಅನ್ನೋವರೆಗೂ."

"ಅನ್ನಲ್ಲ," ಎಂದಳು ಅವಳು.