ಮುಚ್ಚಳ ಕೈಮ

“ಇವತ್ತು ಬನ್ ಬೇಡ,” ಅಂದಳು ಕವನಾ.

ಟ್ರೇಗೆ ಆಗಲೇ ಕೈಹಾಕಿದ್ದ ಕೇದಾರ್ ಹಾಗೇ ನಿಂತ. ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಎದುರಿನ ಆ ಅಯ್ಯಂಗಾರ್ ಬೇಕರಿಗೆ ಅವಳು ಲಂಗ ಹಾಕುವ ವಯಸ್ಸಿನಿಂದ ಬರುತ್ತಿದ್ದವಳು. ಶನಿವಾರ ಸಂಜೆ ಬಂದು ಹಿಂದಿನ ದಿನದ ಬನ್ ಕೇಳುತ್ತಿದ್ದಳು. ಆಗೆಲ್ಲ ಕೇದಾರನ ಅಪ್ಪ ಸಂಪತ್ಕುಮಾರ ಕಟ್ಟಿಕೊಡುತ್ತಿದ್ದರು, ಈಗ ಕೇದಾರ್. ಇವನ ಕೈಯಲ್ಲಿ ಪೊಟ್ಟಣಕ್ಕೆ ದಾರ ಸುತ್ತುವುದು ಸ್ವಲ್ಪ ಜಾಸ್ತಿಯೇ ಹೊತ್ತು ಹಿಡಿಯುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟಿರಲಿಲ್ಲ.

“ಯಾಕೆ ಡಾಕ್ಟರಮ್ಮ, ನಮ್ ಬನ್ ಮೇಲೆ ಕೋಪಾನಾ?”

“ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು. ಡಯಟೀಷಿಯನ್.”

“ಬನ್ ತಿನ್ಬೇಡಿ ಅನ್ನೋರೆಲ್ಲ ನಮಗೆ ಒಂದೇ ಬಿಡಿ.”

ಅವಳಿಗೆ ನಗು ಬಂತು. ತಲೆ ತಗ್ಗಿಸಿ ನಕ್ಕಳು. ನಗು ಮುಗಿದ ಮೇಲೂ ಅವನು ನೋಡುತ್ತಲೇ ಇದ್ದಾನೆಂದು ತಲೆ ಎತ್ತದೆಯೇ ಗೊತ್ತಾಯಿತು.

“ಅಪ್ಪಂಗೆ ಶುಗರ್ ಜಾಸ್ತಿಯಾಗಿದೆ. ಬನ್ನು, ಅನ್ನ, ಎಲ್ಲ ಬಂದ್. ಲೋ ಕಾರ್ಬ್.”

“ಅಯ್ಯೋ. ಅಲ್ಲ, ಇಷ್ಟು ವರ್ಷ ಕೇಳ್ಬೇಕು ಅನ್ಕೊಂಡಿದ್ದೆ, ಹೊಸದು ಬಿಟ್ಟು ಹಳೇ ಬನ್ನೇ ಯಾಕೆ ಒಯ್ತಿದ್ರಿ?”

“ಹೊಸದು ಗಂಜಿಯಾಗ್ಬಿಡುತ್ತೆ. ಹಳೇದು ಹಾಲಲ್ಲಿ ನೆನೆಸಿದ್ರೆ ಚೆನ್ನಾಗಿ ಹಿಡ್ಕೊಳ್ಳುತ್ತೆ.”

“ಯಾವುದನ್ನ ಹಿಡ್ಕೊಳ್ಳುತ್ತೆ?”

ಹೇಳುವುದಕ್ಕೇನಿತ್ತು? ಅವಳ ಅವ್ವ ಮಲ್ಲಿಗಮ್ಮ ಭಾನುವಾರಕ್ಕೆ ಮಾಡುತ್ತಿದ್ದ ಮುಚ್ಚಳ ಕೈಮವನ್ನು. ಕೊಚ್ಚಿದ ಮಟನ್ ಕೈಮಕ್ಕೆ ಚಕ್ಕೆ, ಲವಂಗ, ಗಸಗಸೆ, ಪುದೀನ ಅರೆದು ಹಾಕಿ, ನೆನೆಸಿದ ಬನ್ ಹಿಸುಕಿ ಸೇರಿಸಿ, ಅಗಲ ಬಾಣಲೆಯಲ್ಲಿ ತಟ್ಟಿ, ಮೇಲೆ ಮೊಟ್ಟೆ ಒಡೆದು ಸುರಿದು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುವ ಅಡುಗೆ. ಮುಚ್ಚಳ ತೆಗೆದರೆ ಬೀದಿಯ ತುದಿಯವರೂ ತಿರುಗಿ ನೋಡಬೇಕು. ಇಷ್ಟನ್ನು ಹೇಳಿದ್ದರೆ ಆಗಿತ್ತು.

ಆದರೆ ಕೇದಾರನ ತಲೆಯ ಹಿಂದೆ ‘ಶುದ್ಧ ಸಸ್ಯಾಹಾರಿ, ಮೊಟ್ಟೆರಹಿತ’ ಅನ್ನುವ ಬೋರ್ಡ್ ಇತ್ತು. ಹಾಸನದಲ್ಲಿ ಕೆಲಸಕ್ಕೆ ಸೇರಿ ರೂಮು ಹುಡುಕುವಾಗ “ನೀವು ವೆಜ್ಜೇ ತಾನೇ?” ಅಂತ ಕೇಳಿದ್ದ ಓನರಮ್ಮಂದಿರ ಮುಖಗಳು ನೆನಪಾದವು. ಟಿಫನ್ ಬಾಕ್ಸ್ ತೆಗೆದಾಗ ಕಿಟಕಿ ತೆರೆಯುತ್ತಿದ್ದ ರೂಮ್‌ಮೇಟ್ ನೆನಪಾದಳು.

“ಸೋಯಾ,” ಅಂದಳು. “ಸೋಯಾ ಕೈಮ.”

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಂಡು ಏನು ಬಂತು? ಮಾತು ಆಗಲೇ ಕೌಂಟರ್ ದಾಟಿತ್ತು.

ಬನ್ನಿಲ್ಲದ ಮುಚ್ಚಳ ಕೈಮ ಆ ಭಾನುವಾರ ತಟ್ಟೆಯಲ್ಲಿ ಮರಳಿನಂತೆ ಉದುರಿತು. ಅಪ್ಪ ದ್ಯಾವಯ್ಯ ಬಸ್ ಡ್ರೈವರಾಗಿದ್ದು ರಿಟೈರಾದವನು. ಊಟದ ವಿಷಯದಲ್ಲಿ ಮಾತ್ರ ಮಗುವಿಗಿಂತ ಕಡೆ.

“ಇದೇನೇ, ಬೆಳ್ಳಲ್ಲಿ ಎತ್ತಕ್ಕೇ ಬತ್ತಿಲ್ಲ?”

“ನಿನ್ ಮಗಳ್ನೇ ಕೇಳು,” ಅಂದಳು ಮಲ್ಲಿಗಮ್ಮ. “ಬನ್ ಬ್ಯಾಡ, ಉರಿಗಡ್ಲೆ ಬ್ಯಾಡ ಅಂದ್ರೆ ಇನ್ನೇನು ನನ್ ತಲೆ ಆಕ್ಲಾ?”

ಮುಂದಿನ ಶನಿವಾರ ಕವನಾ ಬೇಕರಿಗೆ ಹೋಗಿ ಕೇದಾರನಿಗೇ ಕಷ್ಟ ಹೇಳಿಕೊಂಡಳು. ಅವನ ಕಣ್ಣು ಮಿಂಚಿತು. ಮೊಟ್ಟೆ ಮುಟ್ಟದೆ ಕೇಕು ಹಿಡಿದು ನಿಲ್ಲಿಸುವ ಮನೆತನ ಅವನದು, ಇಂಥ ಲೆಕ್ಕವೆಂದರೆ ಪ್ರಾಣ.

“ಅಗಸೆ ಬೀಜ ಪುಡಿ ಮಾಡಿ ನೀರಲ್ಲಿ ಬಿಟ್ರೆ ಲೋಳೆ ಬರುತ್ತೆ. ಕಾಯಿ ಹಾಲು ತೆಗೆದ ತುರಿನ ಒಣಗಿಸಿ ಹಿಟ್ಟು ಮಾಡೋಣ. ಎರಡೂ ಸೇರಿಸಿ ರಸ್ಕ್ ಬೇಯಿಸ್ತೀನಿ. ಸೋಯಾ ಎಷ್ಟು ಹಾಕ್ತೀರಿ ಹೇಳಿ.”

ಹೇಳಿದಳು. ಮಟನ್ನಿನ ಅಳತೆಯನ್ನೇ ಸೋಯಾ ಅಂತ ಹೇಳಿದಳು.

ಹೀಗೆ ಶುರುವಾಯಿತು ನೋಡಿ. ಶನಿವಾರ ಅವನು ಒಂದು ರಸ್ಕ್ ಕೊಡುವುದು, ಭಾನುವಾರ ಕೈಮ ಕೆಡುವುದು, ಸೋಮವಾರ ಹಾಸನದ ಬಸ್ ಹತ್ತುವ ಮುಂಚೆ ಅವಳು ವರದಿ ಒಪ್ಪಿಸುವುದು. “ನೀರು ಬಿಟ್ಕೊಳ್ತು,” ಅಂದರೆ ಅವನು ಹಣೆ ಉಜ್ಜಿಕೊಳ್ಳುತ್ತಿದ್ದ. “ಸೋಯಾ ಯಾಕ್ರೀ ನೀರು ಬಿಡುತ್ತೆ?” ಅಂತ ತನಗೆ ತಾನೇ ಗೊಣಗುತ್ತಿದ್ದ. ಬಸ್ ಹೊರಟರೂ ಅವಳು ಕಿಟಕಿಯಿಂದ ನೋಡುತ್ತಿದ್ದಳು, ಅವನು ಹಿಟ್ಟಿನ ಕೈ ಎತ್ತುತ್ತಿದ್ದ.

ಅಷ್ಟು ಸುಖದ ನಡುವೆ ಆ ಒಂದು ಪದ ಅನ್ನದೊಳಗಿನ ಕಲ್ಲಿನ ಹಾಗೆ ಸಿಗುತ್ತಿತ್ತು. ಇವತ್ತು ಹೇಳಿಬಿಡೋಣ ಅಂದುಕೊಂಡು ಹೋಗುತ್ತಿದ್ದಳು. ಹೇಳಿದರೆ ರಸ್ಕೂ ಇಲ್ಲ, ಆ ನಗುವೂ ಇಲ್ಲ ಅನ್ನಿಸಿ ಪೊಟ್ಟಣ ಹಿಡಿದು ಹಾಗೇ ವಾಪಸಾಗುತ್ತಿದ್ದಳು. ಮನೆಗೆ ಬಂದರೆ ಅಪ್ಪನ ಸಂಭ್ರಮ ಇನ್ನೂ ಚುಚ್ಚುತ್ತಿತ್ತು.

“ನಾವು ಐಕ್ಳಾಗಿದ್ದಾಗ ಅಂಗಡಿಯೋರು ಬನ್ನ ಕೈಗೆ ಕೊಡ್ತಿರ್ನಿಲ್ಲ, ಕಟ್ಟೆ ಮ್ಯಾಲೆ ಇಡೋರು. ‘ಮುಟ್ಬ್ಯಾಡ, ಅತ್ಲಾಗೆ ನಿಂತ್ಕೋ’ ಅನ್ನೋರು. ಈಗ ನೋಡು, ಅಯ್ನೋರ ಹುಡ್ಗ ನಮ್ ಕೈಮಕ್ಕೆ ಅಂತ್ಲೇ ರಸ್ಕ್ ಮಾಡ್ಕೊಡ್ತವ್ನೆ. ಕಾಲ ಬದ್ಲಾಯ್ತು ಕಣವ್ವಾ.”

ಕವನಾ ತಟ್ಟೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ಕೇದಾರನಿಗೆ ಏನೂ ಗೊತ್ತಿಲ್ಲವೆಂದು ಅಪ್ಪನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಒಂದು ಸೋಮವಾರ ಕೇದಾರ್ ಅಂದ: “ಗ್ಯಾಸಲ್ಲಿ ಕೆಳಗಷ್ಟೇ ಉರಿ. ಮೇಲೂ ಕಾವು ಬೇಕು. ಶನಿವಾರ ಸಂಜೆ ನಮ್ ಸೌದೆ ಓವನ್ ಖಾಲಿ ಇರುತ್ತೆ, ಟ್ರೇ ತಂದುಬಿಡಿ.”

“ಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ.”

ಅವನು ಪೆಚ್ಚಾದ. ಅವಳು ಬಸ್ ಹತ್ತಿ ಕೂತಳು, ಅವತ್ತು ಕಿಟಕಿಯಿಂದ ನೋಡಲಿಲ್ಲ.

ಆದರೆ ಅವನು ಸುಮ್ಮನಿರುವ ಆಸಾಮಿಯಲ್ಲ. ಟೀ ಅಂಗಡಿಯಲ್ಲಿ ಸಿಕ್ಕ ದ್ಯಾವಯ್ಯನನ್ನೇ ‘ಕೈಮದ ಟ್ರೇ ಓವನ್ನಿಗೆ ತನ್ನಿ’ ಅಂತ ಕರೆದ. ದ್ಯಾವಯ್ಯ ಮನೆಯಲ್ಲಿ ಮಗಳಿಗೆ ಹೇಳದೆ, ಆಶ್ಚರ್ಯಪಡಿಸೋಣ ಅಂತ ಒಪ್ಪಿಕೊಂಡ.

ಶನಿವಾರ ಹಾಸನದ ಬಸ್ಸಿಳಿದ ಕವನಾ ಕಂಡದ್ದು ಇದು: ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಟ್ಟೆ ಮುಚ್ಚಿದ ಟ್ರೇ ಎರಡೂ ಕೈಯಲ್ಲಿ ಹಿಡಿದು, ಅಪ್ಪ ಬೇಕರಿಯ ಮೆಟ್ಟಿಲು ಹತ್ತುತ್ತಿದ್ದಾನೆ. ಮದುವೆಗೆ ಹೊರಟವನ ಹಾಗಿದ್ದ.

ಓಡಿದಳು. ಬ್ಯಾಗು ಯಾರಿಗೋ ತಗುಲಿತು, ಆಟೋದವನು ಬೈದ. ಅವಳು ಒಳನುಗ್ಗುವಷ್ಟರಲ್ಲಿ ಟ್ರೇ ಕೌಂಟರ್ ದಾಟಿತ್ತು. ಓವನ್ನಿನ ಬಾಗಿಲು ತೆರೆದಿತ್ತು. ಕೇದಾರನ ಕೈ ಟ್ರೇ ಅಡಿಗೆ ಹೋಗಿತ್ತು.

“ಮುಟ್ಬೇಡಿ!”

ಬೆಣ್ಣೆ ಬಿಸ್ಕತ್ತು ಕೊಳ್ಳುತ್ತಿದ್ದವರು ತಿರುಗಿದರು. ಗಲ್ಲಾದಲ್ಲಿದ್ದ ಸಂಪತ್ಕುಮಾರ ಕನ್ನಡಕ ತೆಗೆದರು. ಆ ಪದ ಯಾರ ಬಾಯಿಂದ ಯಾರಿಗೆ ಬಂತೆಂದು ಅವಳಿಗೇ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

“ಯಾಕವ್ವಾ?” ಅಂದ ದ್ಯಾವಯ್ಯ.

“ಅದು ಮಟನ್,” ಅಂದಳು ಕೇದಾರನ ಮುಖ ನೋಡಿ. “ಮೊದಲಿಂದ ಮಟನ್ನೇ. ನಾನು ಸೋಯಾ ಅಂತ ಸುಳ್ಳು ಹೇಳಿದ್ದೆ.”

ಕೇದಾರನ ಕೈ ಸರಕ್ಕನೆ ಹಿಂದೆ ಬಂತು. ಏಪ್ರನ್ನಿಗೆ ಒರೆಸಿಕೊಂಡಿತು, ಒಂದು ಸಲವಲ್ಲ, ಎರಡು ಸಲ. ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

ದ್ಯಾವಯ್ಯ ಅವನ ಕಡೆ ತಿರುಗಲೇ ಇಲ್ಲ. ಮಗಳನ್ನು ನೋಡಿದ. “ಸೋಯಾ ಅಂದ್ಯಾ?” ಅಂದ. ಆಮೇಲೆ ಬಟ್ಟೆಯನ್ನು ಸರಿಯಾಗಿ ಮುಚ್ಚಿ, ಟ್ರೇ ಎತ್ತಿಕೊಂಡು, “ತೆಪ್ಪಾಯ್ತು ಸಾ,” ಅಂತ ಸಂಪತ್ಕುಮಾರರಿಗೆ ಹೇಳಿ ಮೆಟ್ಟಿಲಿಳಿದ. ತಪ್ಪು ಅವನದಾಗಿರಲಿಲ್ಲ. ಕವನಾ ಅವನ ಹಿಂದೆಯೇ ಇಳಿದಳು.

ಮನೆಯಲ್ಲಿ ಬುದ್ಧನ ಪಟದ ಕೆಳಗೆ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅಂಗಿ ಬಿಚ್ಚಿರಲಿಲ್ಲ.

“ಬೈಯಪ್ಪ,” ಅಂದಳು ಕವನಾ.

“ಸುಳ್ಳಾಡಿದ್ದಕ್ಕೆ ಬೈಯ್ಬೋದು. ನಿಂಗೆ ನಾಚ್ಕೆ ಆಯ್ತಲ್ಲ ಮಗಾ, ಅದಕ್ಕೇನಂತ ಬೈಯ್ಲಿ?”

ಮಲ್ಲಿಗಮ್ಮ ಟ್ರೇಯನ್ನು ಒಲೆಯ ಪಕ್ಕ ಇಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಇಷ್ಟ್ ವರ್ಸ ಉಂಡು ಬೆಳ್ದವ್ಳು,” ಅಂದಳು.

ಕವನಾ ಸತ್ತಂತಾದಳು. ಜನರ ಮುಂದೆ ಆದ ಅವಮಾನ ಏನೇನೂ ಅಲ್ಲ. ತನ್ನವರ ಅಡುಗೆಯನ್ನು ತಾನೇ ಕಟ್ಟೆಯ ಮೇಲಿಟ್ಟು ಅತ್ತ ಸರಿಸಿದ್ದಳು. ಅಪ್ಪ ಚಿಕ್ಕವನಾಗಿದ್ದಾಗ ಅಂಗಡಿಯವರು ಮಾಡಿದ್ದನ್ನು ಮಗಳು ಮಾಡಿದ್ದಳು. ಇನ್ನು ಕೇದಾರನ ಆ ಕೈ, ಆ ಏಪ್ರನ್ನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ತನಗೆ ಯಾವ ಮುಖವಿದೆ ಅನ್ನಿಸಿತು.

ಸೋಮವಾರ ಬಸ್‌ಸ್ಟ್ಯಾಂಡಿಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋದಳು. ಶನಿವಾರ ಬೇಕರಿಯ ಕಡೆ ಮುಖ ಹಾಕಲಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕೇದಾರ್, ಕೈಯಲ್ಲಿ ದಾರ ಸುತ್ತಿದ ಪೊಟ್ಟಣ. ಒಳಗಿದ್ದ ದ್ಯಾವಯ್ಯ ಎದ್ದು ನಿಂತ.

“ಬನ್ನಿ ಸಾ.”

“ಸಾ ಅನ್ಬೇಡಿ,” ಅಂದ ಕೇದಾರ್. ಒಳಗೆ ಬಂದ, ಆದರೆ ಕೂರಲಿಲ್ಲ. “ಮೊದ್ಲು ಒಂದು ಮಾತು ಹೇಳ್ಬೇಕು. ಅವತ್ತು ನಾನು ಕೈ ಒರೆಸ್ಕೊಂಡೆ. ನೀವು ನೋಡ್ಲಿಲ್ಲ, ಇವ್ರು ನೋಡಿದ್ರು. ಬೇಕಂತ ಮಾಡ್ಲಿಲ್ಲ. ಬೇಕಂತ ಮಾಡಿದ್ರೆ ನಿಲ್ಲಿಸ್ಬಹುದಿತ್ತು. ತಾನಾಗೇ ಆಯ್ತು, ಅದಕ್ಕೇ ನಾಚಿಕೆ.”

ದ್ಯಾವಯ್ಯ ಚಾಪೆ ಬಿಡಿಸಿದ. ಕೇದಾರ್ ಕೂತ.

“ಓವನ್ ಅಪ್ಪಂದು. ಅದರಲ್ಲಿ ಇದನ್ನ ಬೇಯಿಸೋಕೆ ಅವರು ಒಪ್ಪಲ್ಲ, ಒಪ್ಪಿಸ್ತೀನಿ ಅಂತ ಬುರುಡೆ ಬಿಡಲ್ಲ. ನಾನೂ ತಿನ್ನಲ್ಲ. ಆದ್ರೆ ಈ ರಸ್ಕ್ ಮಾತ್ರ ಮಟನ್ನಿಗೆ ಅಂತಾನೇ ಮಾಡಿದ್ದು.” ಕವನಾಳ ಕಡೆ ತಿರುಗಿದ. “ಸೋಯಾ ನೀರು ಕುಡಿಯುತ್ತೆ. ಮಟನ್ ನೀರು ಬಿಡುತ್ತೆ. ನೀವು ಸೋಯಾ ಅಂದ್ರಿ, ನಾನು ಲೋಳೆ ಜಾಸ್ತಿ ಹಾಕ್ದೆ. ಪ್ರತಿ ವಾರ ಕೆಟ್ಟಿದ್ದು ಅದಕ್ಕೇ. ಈ ಸಲ ತೆಂಗಿನ ಹಿಟ್ಟು ಹೆಚ್ಚು, ಚೆನ್ನಾಗಿ ಒಣಗಿಸಿದ್ದೀನಿ.”

“ಮಟನ್ ನೀರು ಬಿಡುತ್ತೆ ಅಂತ ನಿಮಗ್ಯಾರು ಹೇಳಿದ್ರು?”

“ಗಂಗಯ್ಯ.”

“ಯಾವ ಗಂಗಯ್ಯ? ಮಟನ್ ಸ್ಟಾಲ್ ಗಂಗಯ್ಯಾನಾ?”

“ಹ್ಞೂಂ. ಅರ್ಧ ಗಂಟೆ ಅಂಗಡಿ ಮುಂದೆ ನಿಂತು ಕೇಳ್ಕೊಂಡೆ. ಹೋದ ಭಾನುವಾರದ ರಶ್ಶಲ್ಲಿ ಊರೋರೆಲ್ಲ ನೋಡಿದ್ರು. ಅವತ್ತಿನಿಂದ ಅಪ್ಪ ನನ್ಹತ್ರ ಮಾತಾಡಿಲ್ಲ.”

ಹಾಗಂದು ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಕವನಾಳಿಗೆ ಆ ಕಿವಿಯನ್ನು ನೋಡಿ ಅಳು ಬಂತು. ತಾನು ಬೋರ್ಡಿನ ಮುಂದೆ ಹೇಳಲಾಗದ ಪದವನ್ನು ಇವನು ಸಂತೆಯಂಥ ಬೀದಿಯಲ್ಲಿ ನಿಂತು ಕೇಳಿ ಬಂದಿದ್ದಾನೆ.

ಒಳಗಿಂದ ಮಲ್ಲಿಗಮ್ಮನ ದನಿ ಕೇಳಿಸಿತು. “ಏನ್ ಕುಂತ್ಕಂಡು ನೋಡ್ತಿದೀರಾ? ಕೈಮ ತಂದದೆ, ಕೆಂಡ ಮಾಡ್ರಿ.”

ಹಿತ್ತಲಿನಲ್ಲಿ ತೆಂಗಿನ ಚಿಪ್ಪು ಉರಿದು ಕೆಂಡವಾಯಿತು. ಮಲ್ಲಿಗಮ್ಮ ರಸ್ಕ್ ಪುಡಿ ಮಾಡಿ, ಮಸಾಲೆ ಕಲಸಿದ ಕೈಮಕ್ಕೆ ಬೆರೆಸಿ ತಟ್ಟಿದಳು, ಮೊಟ್ಟೆ ಸುರಿದು ಮುಚ್ಚಿದಳು. ದ್ಯಾವಯ್ಯ ಸಲಿಕೆ ಮುಂದೆ ಚಾಚಿದ.

“ಉರಿ ಲೆಕ್ಕ ನಿಂಗೇ ಗೊತ್ತು. ಮ್ಯಾಲಕ್ಕೆ ಎಷ್ಟಾಕ್ಬೇಕು ನೋಡು, ಕೇದಾರಪ್ಪ.”

‘ಸಾ’ ಹೋಗಿ ‘ಅಪ್ಪ’ ಬಂದಿತ್ತು. ಕೇದಾರ್ ಸಲಿಕೆ ಹಿಡಿದು ಮುಚ್ಚಳದ ಅಂಚಿಗೆ ಹೆಚ್ಚು, ನಡುವೆ ಕಡಿಮೆ ಕೆಂಡ ಹರಡಿದ. ಮಲ್ಲಿಗಮ್ಮನ ಹಿಂದೆಯೇ ದ್ಯಾವಯ್ಯ ನೀರು ತರುವ ನೆಪದಲ್ಲಿ ಒಳಗೆ ಹೋದ. ಅವನಿಗೆ ನೀರೇನೂ ಬೇಕಿರಲಿಲ್ಲ.

“ನೀವು ಬನ್ ಬೇಡ ಅಂದ್ರಲ್ಲ,” ಅಂದ ಕೇದಾರ್ ಕೆಂಡ ನೋಡುತ್ತ, “ಇನ್ನು ಬರೋದೇ ಇಲ್ವೇನೋ ಅಂತ ಭಯ ಆಯ್ತು. ರಸ್ಕು, ಲೋಳೆ, ಎಲ್ಲ ಮಾಡಿದ್ದು ಅದಕ್ಕೇ.”

“ನಾನು ಸೋಯಾ ಅಂದಿದ್ದೂ ಅದಕ್ಕೇ. ನಿಜ ಹೇಳಿದ್ರೆ ನೀವು ದಾರ ಸುತ್ತೋದು ಬೇಗ ಮುಗಿಸ್ಬಿಡ್ತೀರಿ ಅಂತ.”

ಅವನು ತಲೆ ಎತ್ತಿದ. ಇಷ್ಟು ಹತ್ತಿರದಿಂದ, ನಡುವೆ ಕೌಂಟರಿಲ್ಲದೆ, ಅವರು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವನ ರೆಪ್ಪೆಯ ಮೇಲೆ ಒಂಚೂರು ಬೂದಿ ಕೂತಿತ್ತು.

“ನಂಗೆ ನೀವು ಬೇಕು, ಕವನಾ. ಅಪ್ಪ ಎಷ್ಟು ದಿನ ಮಾತು ಬಿಡ್ತಾರೋ ಗೊತ್ತಿಲ್ಲ. ಆದ್ರೂ ಬೇಕು.”

ಅವಳು ಉತ್ತರ ಹೇಳುವಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯವರ ದನಿ ಬಂತು. “ಏನ್ ಕವ್ನಾ, ಗಮ್ಮಂತ ಬತ್ತದೆ, ಏನ್ ಮಾಡಿದೀರಿ?”

ಒಳಗೆ ಅಪ್ಪನ ಲೋಟದ ಸದ್ದು ನಿಂತಿತು.

“ಕೈಮ ಕಣಕ್ಕ,” ಅಂದಳು ಕವನಾ ದನಿಯೆತ್ತಿ. “ನಮ್ಮವ್ವನ ಮುಚ್ಚಳ ಕೈಮ. ಮಟನ್‌ದು.”

ದ್ಯಾವಯ್ಯ ಬಾಗಿಲಿಗೆ ಬಂದು ನಿಂತ. ಮಗಳನ್ನು ನೋಡಿದ, ತಟ್ಟೆ ತರಲು ಒಳಗೆ ಹೋದ. ವಾರದಿಂದ ಸರಿಯಾಗಿ ಉಂಡಿರಲಿಲ್ಲ, ಈಗ ಅವನಿಗೆ ಹಸಿವಾಗಿತ್ತು.

ಬಾಣಲೆ ಇಳಿಸುವ ಹೊತ್ತಾಗಿತ್ತು. ಕೇದಾರ್ ಕೆಂಡ ಸರಿಸಿ, ಕೈ ಮುಂದೆ ಚಾಚಿ, ಅಲ್ಲೇ ತಡೆದ. ಅವಳ ಮುಖ ನೋಡಿದ.

“ಮುಟ್ಲಾ?”

ಕವನಾ ತನ್ನ ವೇಲಿನ ತುದಿ ಮಡಿಸಿ ಅವನ ಕೈಗೆ ಕೊಟ್ಟಳು. ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಮುಟ್ಟು,” ಅಂದಳು. “ಸುಡುತ್ತೆ, ಜೋಪಾನ.”