ನಿಂಬೆಹಣ್ಣಿನ ತಣ್ಣುರಿ

ಮಂಗಳವಾರ ಮಧ್ಯಾಹ್ನ, ರಾಹುಕಾಲದಲ್ಲಿ, ದೇವಿಯ ಗುಡಿಯಲ್ಲಿ ಲಿಖಿತಾ ಹಿಂಡಿದ ನಿಂಬೆಹೋಳನ್ನು ಒಳಹೊರಗು ಮಾಡಿ ಬಟ್ಟಲಿನಂತೆ ಮಗುಚಿದಳು. ಅದಕ್ಕೆ ಎಣ್ಣೆ ಹಾಕಲಿಲ್ಲ, ಬತ್ತಿ ಇಡಲಿಲ್ಲ. ಎಳ್ಳಿನಷ್ಟು ಚಿಕ್ಕದಾದ ಒಂದು ಉರಿಬೀಜ ಇಟ್ಟಳು, ಅಷ್ಟೇ. ಹಳದಿ ಜ್ವಾಲೆಯೊಂದು ಮೆಲ್ಲಗೆ ಎದ್ದು ನಿಂತಿತು. ಪಕ್ಕದಲ್ಲಿದ್ದ ವಿಜ್ಞಾನಿ ಡಾ. ಇಂಚರ ಅದರ ಮೇಲೆ ತಮ್ಮ ಅಂಗೈ ಹಿಡಿದು ತೋರಿಸಿದರು. ಅದು ಸುಡಲಿಲ್ಲ.

ಅದು 2068ನೇ ಇಸವಿ. ಗಾಳಿ ಕೆಡುತ್ತದೆಂದು ಊರೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿ ಹನ್ನೆರಡು ವರ್ಷಗಳಾಗಿದ್ದವು. ದೇವಿಯ ಗುಡಿಯಲ್ಲಿ ಹೆಂಗಸರು ನಿಂಬೆಹೋಳಿನಲ್ಲಿ ಪುಟ್ಟ ಬಲ್ಬು ಇಟ್ಟು ಹರಕೆ ತೀರಿಸುತ್ತಿದ್ದರು, ಆದರೆ ಯಾರಿಗೂ ಸಮಾಧಾನವಿರಲಿಲ್ಲ. ಅದಕ್ಕಾಗಿಯೇ ಇಂಚರ ತಣ್ಣುರಿಯನ್ನು ಕಂಡುಹಿಡಿದರು. ನಿಂಬೆಸಿಪ್ಪೆಯಲ್ಲಿ ಸಹಜವಾಗಿಯೇ ಎಣ್ಣೆಯಿದೆ. ಉರಿಬೀಜ ಅದನ್ನು ಬಹಳ ನಿಧಾನವಾಗಿ ಹೀರಿ, ಮೈಬಿಸಿಗಿಂತ ಹೆಚ್ಚು ಕಾವಿಲ್ಲದ, ಹೊಗೆಯಿಲ್ಲದ ಜ್ವಾಲೆಯಾಗಿ ಬದಲಿಸುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಇನ್ನೂರು ಬಾರಿ ಪರೀಕ್ಷಿಸಿದ್ದರು. ಪ್ರತಿಬಾರಿಯೂ ಊಟದ ಹೊತ್ತಿಗೆ ಯಾರಾದರೊಬ್ಬರು ಉಫ್ ಎಂದು ಊದಿ ಆರಿಸಿ ಎದ್ದುಹೋಗುತ್ತಿದ್ದರು.

ಗುಡಿಯಲ್ಲಿ ಯಾರೂ ದೀಪವನ್ನು ಊದಿ ಆರಿಸುವುದಿಲ್ಲ. ಅಲ್ಲಿನ ಕಟ್ಟಳೆಯ ಪ್ರಕಾರ, ಹಚ್ಚಿದವಳು ದೀಪ ತಾನಾಗಿ ಶಾಂತವಾಗುವವರೆಗೆ ಗುಡಿಯ ಹೆಬ್ಬಾಗಿಲು ದಾಟುವಂತಿಲ್ಲ. ತುಪ್ಪದ ಕಾಲದಲ್ಲಿ ಇದು ಅರ್ಧ ಗಂಟೆಯ ಮಾತಾಗಿತ್ತು.

ಸಂಜೆಯಾದರೂ ಆ ದಿನ ಹೆಂಗಸರು ಹಚ್ಚಿದ್ದ ನಲವತ್ತೊಂದು ದೀಪಗಳಲ್ಲಿ ಒಂದೂ ಆರಲಿಲ್ಲ. ಬುಧವಾರವೂ ಆರಲಿಲ್ಲ. ಇಂಚರ ಗಾಬರಿಯಿಂದ ಲೆಕ್ಕ ಹಾಕಿ ನೋಡಿದರು: ಒಂದು ನಿಂಬೆಹೋಳು ಹನ್ನೊಂದು ದಿನ ಉರಿಯುತ್ತದೆ. ತಮ್ಮಿಂದ ಎಂಥ ಅಪರಾಧವಾಯಿತೆಂದು ಅವರಿಗೆ ಅನ್ನ ಸೇರಲಿಲ್ಲ. ಆದರೆ ಗುಡಿಯೊಳಗೆ ದಾಸೋಹದ ಅನ್ನಸಾರು ಎಲ್ಲರಿಗೂ ಚೆನ್ನಾಗಿಯೇ ಸೇರುತ್ತಿತ್ತು. ಹೆಂಗಸರು ಚೌಕಾಬಾರ ಆಡುತ್ತಿದ್ದರು, ಹಗಲಲ್ಲೇ ಮಲಗುತ್ತಿದ್ದರು. ಹೊರಗೆ ಗಂಡಂದಿರು ಗುಂಪುಗೂಡಿ, ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೂಗಿ ಕೇಳುತ್ತಿದ್ದರು.

ಆರನೆಯ ದಿನ ಅವರೆಲ್ಲರ ಒತ್ತಾಯಕ್ಕೆ ಇಂಚರ ಆರಿಸುವ ದ್ರಾವಣ ತಯಾರಿಸಿ ತಂದರು. ಯಾರೂ ಊದಬೇಕಿಲ್ಲ, ಎರಡು ಹನಿ ಬಿಟ್ಟರೆ ಸಾಕು, ದೀಪ ತಾನಾಗಿಯೇ ಆರಿದಂತೆ ಕಾಣುತ್ತದೆ. ಮೊದಲು ಸಿಕ್ಕಿದವಳು ಲಿಖಿತಾ. ಗೋಡೆಗೆ ಒರಗಿ ಬಲಗಾಲು ಚಾಚಿ ಕೂತಿದ್ದಳು.

"ಬಿಡ್ಬೇಡಿ ಮೇಡಂ," ಎಂದಳು ಮೆಲ್ಲಗೆ. "ಈ ಮಂಡಿಗೋಸ್ಕರವೇ ನಾನು ಹರಕೆ ಹೊತ್ತಿದ್ದು."

ನಡೆದದ್ದು ಇಷ್ಟು. ಹತ್ತು ದಿನ ನಿಲ್ಲಬಾರದು, ನಿಂತರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಚೀಟಿ ಬರೆದುಕೊಟ್ಟು ಎರಡು ತಿಂಗಳಾಗಿತ್ತು. ಮನೆಯಲ್ಲಿ ಹತ್ತು ಜನ. ಮುದ್ದೆ ಕಟ್ಟುವ ಯಂತ್ರ ಬಂದು ಇಪ್ಪತ್ತು ವರ್ಷವಾದರೂ ಆ ಮನೆಯ ಗಂಡಸರಿಗೆ ಕೈಮುದ್ದೆಯೇ ಬೇಕು. ಡಾಕ್ಟರ ಮಾತು ಮೀರಿದರೆ ಅವರಿಗೇನೂ ಅನ್ನಿಸದು, ದೇವಿಯ ಮಾತು ಮೀರಲು ಮಾತ್ರ ಭಯ.

"ಊತ ಇಳಿದಿದೆ, ನೋಡಿ. ಇನ್ನೈದು ದಿನ ಸಿಕ್ಕಿದ್ರೆ ಬದುಕ್ಕೊಂಡೆ."

ಇಂಚರ ಕೈಯಲ್ಲಿದ್ದ ಸೀಸೆಯನ್ನೇ ನೋಡಿದರು. ತಮ್ಮ ಆವಿಷ್ಕಾರದ ದೋಷವನ್ನು ತಿದ್ದುವುದು ವಿಜ್ಞಾನಿಯ ಧರ್ಮ. ಆದರೆ ಯಾವುದು ದೋಷವೆಂಬುದೇ ಈಗ ತಿಳಿಯದಾಗಿತ್ತು. ಅವರು ಹೊರಗೆ ಹೋಗಿ, ದ್ರಾವಣ ಕೆಲಸ ಮಾಡುತ್ತಿಲ್ಲವೆಂದು ಗಂಡಸರಿಗೆ ಹೇಳಿದರು. ಜೀವನದಲ್ಲಿ ಮೊದಲ ಬಾರಿಗೆ ಅವರು ಸುಳ್ಳು ಫಲಿತಾಂಶ ಪ್ರಕಟಿಸಿದ್ದರು.

ಗಂಡಸರು ಕಡೆಯ ಅಸ್ತ್ರವಾಗಿ ಲಿಖಿತಾಳ ಅತ್ತೆ ಚೈತ್ರಮ್ಮನನ್ನು ಇಂಚರ ಅವರ ಜೊತೆ ಒಳಗೆ ಕಳಿಸಿದರು. ಎಪ್ಪತ್ತಾರು ವಯಸ್ಸು, ಇಡೀ ಬೀದಿ ಹೆದರುವ ಬಾಯಿ. ಆಕೆ ಸೊಸೆಯ ಎದುರು ನಿಂತು ಕಾಲನ್ನೂ ದೀಪವನ್ನೂ ಎರಡೆರಡು ಸಲ ನೋಡಿದರು.

"ಆರು ದಿನದಿಂದ ಮುದ್ದೆ ತೊಳಸ್ತಿರೋದು ಯಾರು ಗೊತ್ತೇನೇ? ನಾನು."

ಲಿಖಿತಾ ತಲೆ ತಗ್ಗಿಸಿದಳು. ಚೈತ್ರಮ್ಮ ಉಸ್ಸೆಂದು ಅವಳ ಪಕ್ಕದಲ್ಲೇ ಕೂತು, ಕೈಚೀಲದಿಂದ ಮಗುವಿನ ತಲೆಯಷ್ಟು ದಪ್ಪದ ಚಕ್ಕೋತ ಹಣ್ಣೊಂದನ್ನು ತೆಗೆದು ಇಂಚರ ಅವರ ಮುಂದಿಟ್ಟರು.

"ಅದೇ ಜಾತಿ ಹಣ್ಣಲ್ವೇನಮ್ಮ? ಇದು ಎಷ್ಟು ದಿನ ಉರೀತದೆ?"

ಇಂಚರ ಹಣ್ಣನ್ನು ಕೈಯಲ್ಲಿ ತೂಗಿ, ಮನಸ್ಸಿನಲ್ಲೇ ಗುಣಿಸಿದರು.

"ಅರ್ಧ ಹೋಳಿಗೆ ಏಳು ತಿಂಗಳು, ಅಮ್ಮ."

"ಹಂಗಾದ್ರೆ ಬೀಜ ಕೊಡು, ಎರಡು ಹೋಳೂ ನಾನೇ ಹಚ್ತೀನಿ," ಎಂದರು ಚೈತ್ರಮ್ಮ, "ಒಂದು ಆರಿದ ಮೇಲೆ ಇನ್ನೊಂದು."