ಬಾಗಿಲು ಹಾಕಿ ಎಂದವನು

"ಬಾಗಿಲು! ಬಾಗಿಲು ಹಾಕ್ರೀ!"

ಹಾಲ್‌ನಲ್ಲಿ ಯಾರೂ ಕೆಮ್ಮಲೂ ಹೆದರುವ ಹೊತ್ತಿನಲ್ಲಿ, ಹಿಂದಿನ ಸಾಲಿನಿಂದ ಗಂಡು ದನಿಯೊಂದು ಹೀಗೆ ಕೂಗಿತು. ಓದಿಲ್‌ಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಉರಿಯದೆ ಏನು? ಯಾವ ಚಿತ್ರ ನಡೆಯುತ್ತಿತ್ತೆಂದು ಕೇಳಿ. 'ಉಪ್ಪುನೀರಿನ ವಿಧವೆ'. ಕಪ್ಪು ಬಿಳುಪಿನದು. ಕಡಲಿಗೆ ಗಂಡನನ್ನು ಕೊಟ್ಟ ಹೆಂಗಸು ಅಡುಗೆಮನೆಗೆ ಬರುತ್ತಾಳೆ, ಒದ್ದೆ ಕೋಟನ್ನು ಮೊಳೆಗೆ ಸಿಕ್ಕಿಸುತ್ತಾಳೆ, ಒಲೆಯ ಮುಂದೆ ಕೂರುತ್ತಾಳೆ. ಅವಳ ಬೆನ್ನ ಹಿಂದೆ ಬಾಗಿಲು ತೆರೆದೇ ಇರುತ್ತದೆ. ಆಚೆ ಬರೀ ಕತ್ತಲು. ಕ್ಯಾಮೆರಾ ಅಲ್ಲಾಡುವುದಿಲ್ಲ, ಸಂಗೀತವಿಲ್ಲ, ಯಾರೂ ಬರುವುದೂ ಇಲ್ಲ. ಓದಿಲ್‌ಳ ಅಜ್ಜ ಆನ್ಸೆಲ್ಮ್ ಈ ಸಿನಿಮಾ ಕ್ಲಬ್ಬು ಕಟ್ಟಿದ್ದೇ ಆ ಬಾಗಿಲನ್ನು ನಾಲ್ಕು ಜನಕ್ಕೆ ತೋರಿಸಬೇಕೆಂದು.

ಬ್ರಸೆಲ್ಸಿನ ಮರೋಲ್ ಕೇರಿಯಲ್ಲಿ, ಗಿಲೇನ್ ಮದಾಮಳ ಕೆಫೆಯ ಹಿಂಬದಿಗೆ ದಪ್ಪ ಕೆಂಪು ಪರದೆಯೊಂದಿದೆ. ಅದರಾಚೆ ಆ ಹಾಲ್. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅಲ್ಲಿ ಭೂತದ ಸಿನಿಮಾ. ಒಂದು ತಿಂಗಳು ಹಳೆಯದು, ಮರುತಿಂಗಳು ಅದರ ರೀಮೇಕ್, ಕೊನೆಗೆ ಯಾವುದು ಮೇಲೆಂದು ವಾದ. ರೀಮೇಕ್ ನಡೆಯುವಾಗ ಎಷ್ಟು ಬೇಕಾದರೂ ಕೂಗಬಹುದು. ಹಿಂದೆ ನೋಡೇ ಎನ್ನಬಹುದು, ಬಾಗಿಲು ತೆರೆದಿಟ್ಟರೆ ಬಾಗಿಲು ಬಾಗಿಲು ಎಂದು ಅರಚಬಹುದು. ಈ ಊರಿನ ಭೂತಪ್ರಿಯರಿಗೆ ಅದು ಹುಟ್ಟುಗುಣ. ಆದರೆ ಹಳೆಯ ಚಿತ್ರ ನಡೆಯುವಾಗ ತುಟಿ ಪಿಟಕ್ ಅನ್ನುವಂತಿಲ್ಲ. ಅದು ಆನ್ಸೆಲ್ಮ್ ಹಾಕಿಟ್ಟ ಕಟ್ಟಳೆ.

ದೀಪ ಹತ್ತಿದ ಕೂಡಲೇ ಓದಿಲ್ ಹಿಂದಿನ ಸಾಲಿಗೆ ನುಗ್ಗಿದಳು. ಎತ್ತರದ ಆಸಾಮಿಯೊಬ್ಬ ಎದ್ದು ನಿಂತ. ಕಿವಿ ಎರಡೂ ಕೆಂಪಗಾಗಿದ್ದವು.

"ಕೂಗಿದ್ದು ನೀವಾ?"

"ಹೌದು. ಇಲ್ಲಿ ಬಾಗಿಲು ಅಂತ ಕೂಗೋ ಪದ್ಧತಿ ಇದೆ ಅಂತ ಯಾರೋ ಹೇಳಿದ್ರು."

"ಅದು ರೀಮೇಕಿಗೆ."

"ಇದು ರೀಮೇಕ್ ಅಲ್ವಾ?"

ಹಳಬರು ತಲೆ ಮೇಲೆ ಕೈಹೊತ್ತು ಕೂತರು. ಓದಿಲ್ ತೆರೆಯತ್ತ ಕೈ ತೋರಿದಳು. "ಕಪ್ಪು ಬಿಳುಪಲ್ಲಿ ಯಾವನಾದ್ರೂ ರೀಮೇಕ್ ಮಾಡ್ತಾನೇನ್ರೀ?" ಎಂದಳು. ಆತ ಅದಕ್ಕೂ ಪಾಪ, ಗಂಭೀರವಾಗಿ ಯೋಚಿಸಿ, ಗೊತ್ತಿಲ್ಲ ಅಂದ.

ಹೆಸರು ವಾನೆಸ್. ಆಲ್ಸ್ಟ್ ಕಡೆಯವನು, ದನ ಕುದುರೆಗಳ ಡಾಕ್ಟರು, ಈ ಊರಿಗೆ ಹೊಸಬ. ಕಟ್ಟಳೆ ಮುರಿದವರಿಗೆ ಶಿಕ್ಷೆ ಗೊತ್ತುಮಾಡಿಟ್ಟದ್ದೇ ಇತ್ತು: ಮರುತಿಂಗಳು ಎಲ್ಲರೆದುರು ನಿಂತು ರೀಮೇಕ್ ಪರವಾಗಿ ಮಾತಾಡಬೇಕು. ಮಾತು ಮುಗಿದ ಮೇಲೆ ಎಲ್ಲರೂ ಬಿಯರ್ ಲೋಟದಡಿಯ ರಟ್ಟಿನ ಬಿಲ್ಲೆ ಎತ್ತುತ್ತಾರೆ. ಚಿತ್ರವಿರುವ ಮಗ್ಗುಲು ಹಳೆಯದಕ್ಕೆ, ಬೋಳು ಮಗ್ಗುಲು ರೀಮೇಕಿಗೆ. ಒಂದಾದರೂ ಬೋಳು ಬಿಲ್ಲೆ ಎದ್ದರೆ ಸರಿ. ಒಂದೂ ಏಳದಿದ್ದರೆ ಹಾಲ್‌ನಲ್ಲಿ ಅವನ ಕುರ್ಚಿ ಹೋಯಿತು. ಒಂದೂ ಏಳಬಾರದು ಎಂದು ಓದಿಲ್ ಅವತ್ತೇ ನಿಶ್ಚಯಿಸಿದಳು.

ಅದೇ ಕಟ್ಟಳೆಗೆ ಇನ್ನೊಂದು ಬಾಲವೂ ಇತ್ತು. ಶಿಕ್ಷೆಗೊಳಗಾದವನಿಗೆ ಎರಡೂ ಚಿತ್ರಗಳನ್ನು ಕ್ಲಬ್ಬಿನ ಕಾರ್ಯದರ್ಶಿಯೇ ತೋರಿಸಬೇಕು. ಕಾರ್ಯದರ್ಶಿ ಓದಿಲ್. ತನ್ನ ಅಜ್ಜನ ಮೇಲೆ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು.

ಮುಂದಿನ ಶನಿವಾರ ಮಧ್ಯಾಹ್ನ ಅವನು ಅವಳ ಮನೆಗೆ ಬಂದ. ಕೈಯಲ್ಲಿ ಬಿಸಿ ಬಿಸಿ ಫ್ರೈಸ್ ಪೊಟ್ಟಣ, ಬೂಟಿಗೆ ಒಣಹುಲ್ಲು. ಮೇಜಿನ ಮೇಲಿದ್ದ ಹಲ್ಲುಸೆಟ್ಟುಗಳನ್ನು ಕಂಡು ಬಾಗಿ ನೋಡಿದ. ಓದಿಲ್ ಹಲ್ಲುಸೆಟ್ಟು ಮಾಡುವ ಲ್ಯಾಬಿನವಳು, ಕೆಲಸ ಮನೆಗೂ ತರುತ್ತಾಳೆ. ಕುದುರೆಗೂ ಮಾಡ್ತೀರಾ ಎಂದು ಕೇಳಿದ. ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು.

ಸೋಫಾದ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವನು, ನಡುವೆ ಫ್ರೈಸ್. ಮೊದಲು ರೀಮೇಕ್ ಹಾಕಿದಳು. ಅಯ್ಯೋ, ಆ ರೀಮೇಕಿನ ಮಾತು ಬೇಡವೇ ಬೇಡ. ತೆರೆದ ಬಾಗಿಲಲ್ಲಿ ಒಂದು ಮುಖ ತಂದು ನಿಲ್ಲಿಸಿದ್ದಾರೆ. ಮುಖಕ್ಕೆ ಪಾಚಿ ಮೆತ್ತಿದ್ದಾರೆ. ಅದು ಬಾಯಿ ತೆಗೆದಾಗ ಅಲಮಾರದೊಳಗಿನ ಪಾತ್ರೆಯೆಲ್ಲ ಒಟ್ಟಿಗೆ ಬಿದ್ದಂತೆ ಸದ್ದು. ಸಾಲದ್ದಕ್ಕೆ ಗಂಡ ಯಾಕೆ ಸತ್ತ, ಹೇಗೆ ಸತ್ತ ಎಂದು ಪೂರ್ತಿ ಪುರಾಣ. ಓದಿಲ್ ಒಂದೇ ಸಮ ಬೈದಳು. ಯಾರಿಗೆ ಬೇಕಿತ್ತು ಇವರ ಮುಖ ಎಂದಳು. ನೋಡುವವರಿಗೆ ತಲೆಯೇ ಇಲ್ಲವೆಂದು ತಿಳಿದಿದ್ದಾರೆ, ಕತ್ತಲನ್ನು ಕತ್ತಲಾಗಿ ಬಿಡುವ ಧೈರ್ಯವಿಲ್ಲದ ಹೇಡಿಗಳು ಎಂದಳು. ವಾನೆಸ್ ತಣ್ಣಗೆ ಫ್ರೈಸ್ ತಿನ್ನುತ್ತಾ ಹೂಂಗುಟ್ಟಿದ.

ಆಮೇಲೆ ಹಳೆಯದು. ವಿಧವೆ ಕೋಟು ತೂಗುಹಾಕಿದಳು, ಒಲೆಯ ಮುಂದೆ ಕೂತಳು. ಓದಿಲ್ ಓರೆಗಣ್ಣಿನಿಂದ ನೋಡಿದರೆ ಸೋಫಾದ ಆ ತುದಿಯಲ್ಲಿ ದಿಂಬು ಮಾತ್ರ ಕಾಣುತ್ತಿತ್ತು. ದಿಂಬಿನ ಅಂಚಿನ ಮೇಲೆ ಎರಡು ಕಣ್ಣು, ಕೆಳಗೆ ಬಿಗಿಹಿಡಿದ ಬೆರಳು. ದಪ್ಪ, ಗಟ್ಟಿ ಬೆರಳುಗಳು. ಹಸುವಿನ ಹೊಟ್ಟೆಯಿಂದ ಕರು ಎಳೆಯುವ ಕೈ ಅದು. ಈಗ ದಿಂಬನ್ನು ಬಿಡಲೊಲ್ಲದು. ಅವಳು ಆ ಬಾಗಿಲನ್ನು ನೋಡುವುದು ಬಿಟ್ಟು ಆ ಕೈಯನ್ನೇ ನೋಡಿದಳು.

"ನಿಜವಾಗ್ಲೂ ಹೆದರಿಕೆ ಆಗ್ತಿದೆಯಾ ನಿಮಗೆ?"

"ಮತ್ತಿನ್ನೇನು? ಅವತ್ತು ತಮಾಷೆಗೆ ಕೂಗಿದೆ ಅನ್ಕೊಂಡ್ರಾ? ತಡ್ಕೊಳ್ಳೋಕೆ ಆಗ್ಲಿಲ್ಲ ಕಣ್ರೀ. ನಿಮಗೆ ಆಗಲ್ವಾ?"

ಓದಿಲ್‌ಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ. ಅಜ್ಜ ಹೋದ್ಮೇಲೆ ಒಂದ್ಸಲಾನೂ ಇಲ್ಲ. ಚಿಕ್ಕವಳಿದ್ದಾಗ ಅವನ ತೋಳು ಹಿಡ್ಕೊಂಡು ಸತ್ತೇಹೋಗ್ತಿದ್ದೆ. ಈಗ ಸುಮ್ನೆ ಕೂತು ನೋಡ್ತೀನಿ, ಅಷ್ಟೆ."

ವಾನೆಸ್ ದಿಂಬು ಇಳಿಸಿ ಅವಳನ್ನು ನೋಡಿದ. ಉಳಿದ ಫ್ರೈಸ್ ಅವಳ ಕಡೆಗೆ ಸರಿಸಿದ. ಹೊರಡುವಾಗ ಹೊಸ್ತಿಲ ಮೇಲೆ ನಿಂತು, "ಬಾಗಿಲು ಹಾಕ್ಕೊಳ್ಳಿ" ಎಂದ. ಅವಳು ನಕ್ಕು, "ಹೋಗೋ ಸಾಕು" ಅಂದುಬಿಟ್ಟಳು. ಬಹುವಚನ ಎಲ್ಲಿ ಜಾರಿತೋ ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಮೆಟ್ಟಿಲಿಳಿಯುವಾಗ ಸಿಳ್ಳೆ ಹಾಕುತ್ತಿದ್ದ.

ಆ ತಿಂಗಳೆಲ್ಲ ಓದಿಲ್ ಲ್ಯಾಬಿನಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದಳು. ಮನಸ್ಸಿನಲ್ಲಿ ಒಂದು ತೀರ್ಮಾನವೂ ಆಗಿತ್ತು. ಯಾರೂ ಎತ್ತದಿದ್ದರೆ ತಾನೇ ಒಂದು ಬೋಳು ಬಿಲ್ಲೆ ಎತ್ತುವುದು. ಆಡಿಕೊಳ್ಳುವವರು ಆಡಿಕೊಳ್ಳಲಿ.

ವಾದದ ದಿನ ಬಂತು. ರೀಮೇಕ್ ನಡೆಯಿತು. ಹಾಲ್ ತುಂಬ ಕೂಗು, ನಗು, ಸಿಳ್ಳೆ. ಪಾಚಿಮುಖ ಬಂದಾಗ ಯಾರೋ ಮುಖ ತೊಳ್ಕೊಂಡು ಬಾರಮ್ಮ ಎಂದರು. ಆಮೇಲೆ ವಾನೆಸ್ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೆಂಪಗಾದ ಕಿವಿ.

ರೀಮೇಕ್ ದರಿದ್ರವಾಗಿದೆ ಎಂದೇ ಶುರುಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅದನ್ನು ನೋಡುವಾಗ ನಿಮಗೆಲ್ಲ ಜೀವ ಇರುತ್ತೆ, ಪಕ್ಕದವರ ತೋಳು ಹಿಡೀತೀರಿ, ಹಳೇದನ್ನ ನೋಡುವಾಗ ಹೆಣದ ಮುಂದೆ ಕೂತ ಹಾಗೆ ಕೂರ್ತೀರಿ ಎಂದ. ಚಪ್ಪಾಳೆ ನಿಂತಿತು. ಅವನು ಓದಿಲ್ ಕಡೆ ತಿರುಗಿದ.

"ಆ ಚಿತ್ರ ತೆಗೆದವರು ನಿಮ್ಮನ್ನ ಹೆದರಿಸೋಕೆ ತೆಗೆದ್ರು. ಇಲ್ಲಿ ಒಬ್ಬರು ನಂಗೆ ಹೇಳಿದ್ರು, ಎಷ್ಟೋ ವರ್ಷದಿಂದ ಹೆದರಿಕೇನೇ ಆಗಿಲ್ಲ ಅಂತ. ಹಾಗಿದ್ಮೇಲೆ ಇಷ್ಟು ಕಾವಲು ಯಾತಕ್ಕೆ?"

ಹೆಸರು ಹೇಳಬೇಕಾಗಿರಲಿಲ್ಲ. ಅವನ ಕಣ್ಣು ಹೋದ ಕಡೆಗೆ ಹಾಲ್‌ನವರ ಕಣ್ಣೆಲ್ಲ ಹೋಯಿತು. ಆನ್ಸೆಲ್ಮ್‌ನ ಮೊಮ್ಮಗಳಿಗೆ ಆ ಬಾಗಿಲು ಏನೂ ಅಲ್ಲವಂತೆ ಎಂದು ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳ ಕಿವಿಯಲ್ಲಿ ಉಸುರಿದ್ದು ಓದಿಲ್‌ಗೇ ಕೇಳಿಸಿತು. ಸೋಫಾದ ಮೇಲೆ, ನಂಬಿ ಹೇಳಿದ ಮಾತು. ಅದನ್ನು ತಂದು ಸಂತೆಯಲ್ಲಿ ಸುರಿದನಲ್ಲ! ಅವಳ ಕಣ್ಣು ತುಂಬಿತು, ತುಂಬಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬಿಲ್ಲೆಗಳು ಎದ್ದವು. ಎಲ್ಲವೂ ಚಿತ್ರದ ಮಗ್ಗುಲು. ಬಾಕಿ ಉಳಿದವಳು ಓದಿಲ್ ಒಬ್ಬಳೇ. ವಾನೆಸ್ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೇಡಿಕೆಯಿತ್ತು, ತಾನೇನೋ ಕೆಡಿಸಿಬಿಟ್ಟೆನೆಂಬ ದಿಗಿಲೂ ಇತ್ತು. ಬಿಲ್ಲೆ ಅವಳ ಬೆರಳಲ್ಲಿ ಒಮ್ಮೆ ಬೋಳು ಮಗ್ಗುಲಿಗೆ ತಿರುಗಿತು. ಮತ್ತೆ ಮಗುಚಿತು. ಅವಳು ಚಿತ್ರದ ಮಗ್ಗುಲು ಎತ್ತಿ ಹಿಡಿದಳು.

ವಾನೆಸ್ ತಲೆಯಾಡಿಸಿ, ಕೋಟು ತೆಗೆದುಕೊಂಡು, ಪರದೆ ಸರಿಸಿ ಹೋದ.

ಮನೆಗೆ ಬಂದು ಓದಿಲ್ ದಿಂಬನ್ನು ಗೋಡೆಗೆ ಎಸೆದಳು. ಮೊದಲ ವಾರ ಅವನನ್ನು ಬೈದಳು. ಎರಡನೆಯ ವಾರ ಬೈಗುಳ ಸಾಲದೆ ಹೋಯಿತು. ಅವನು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದಳು, ಸಿಗಲಿಲ್ಲ. ಆಗ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು. ಆ ಹಾಲ್‌ನಲ್ಲಿ ಇಷ್ಟು ವರ್ಷದಲ್ಲಿ ಅಜ್ಜ ಬಯಸಿದ ಹಾಗೆ ಆ ಚಿತ್ರವನ್ನು ನೋಡಿದವನು ಒಬ್ಬನೇ. ಅವನನ್ನು ಅಜ್ಜನ ಕಟ್ಟಳೆ ಹಿಡಿದೇ ಆಚೆಗೆ ಅಟ್ಟಿದ್ದಳು. ಅವನ ಫೋನ್ ನಂಬರ್ ಕೂಡ ಅವಳಲ್ಲಿರಲಿಲ್ಲ.

ಗೆದ್ದ ಚಿತ್ರವನ್ನು ಮರುತಿಂಗಳು ಇನ್ನೊಮ್ಮೆ ತೋರಿಸುವುದು ಕ್ಲಬ್ಬಿನ ರೂಢಿ. ಆ ಭಾನುವಾರ ಕೆಫೆಯ ಹಿತ್ತಲ ಬಾಗಿಲಿಂದ ಒಳಬಂದ ಓದಿಲ್‌ಳನ್ನು ಗಿಲೇನ್ ಮದಾಮ್ ಅಡುಗೆಕೋಣೆಯಲ್ಲೇ ತಡೆದಳು. ಅರವತ್ತು ದಾಟಿದ ಹೆಂಗಸು, ಮುಲಾಜಿಲ್ಲದ ಬಾಯಿ.

"ಆ ದನದ ಡಾಕ್ಟರು ಪ್ರತಿ ಭಾನುವಾರ ಬಂದು ಪರದೆ ಪಕ್ಕದ ಮೇಜಲ್ಲೇ ಕೂರ್ತಾನೆ ಕಣೇ. ಕರಿದ ಸೀಗಡಿ ಕ್ರೋಕೆಟ್ ತಗೊಳ್ತಾನೆ, ತಿನ್ನಲ್ಲ, ತಣ್ಣಗೆ ಮಾಡಿ ಬಿಟ್ಟುಹೋಗ್ತಾನೆ. ನನ್ನ ಅಡುಗೆ ಮರ್ಯಾದೆ ಏನಾಗ್ಬೇಕು? ಏನಾದ್ರೂ ಒಂದು ಮಾಡು."

ಇವತ್ತೂ ಇದ್ದಾನಾ ಎಂದು ಓದಿಲ್ ಕೇಳಿದಳು. ಇನ್ನೂ ಬಂದಿಲ್ಲ ಎಂದಳು ಗಿಲೇನ್. ಹೋದ ವಾರ ಹೋಗುವಾಗ ಇನ್ನು ಬರಲಿಕ್ಕಿಲ್ಲ ಅಂದಿದ್ದನಂತೆ.

ದೀಪ ಆರಿತು. ಚಿತ್ರ ಓಡಿತು. ವಿಧವೆ ಅಡುಗೆಮನೆಗೆ ಬಂದಳು, ಕೋಟು ತೂಗುಹಾಕಿದಳು, ಒಲೆಯ ಮುಂದೆ ಕೂತಳು. ಹಿಂದೆ ಬಾಗಿಲು ತೆರೆದಿತ್ತು. ಆಚೆ ಕತ್ತಲು. ಓದಿಲ್ ಆ ಕತ್ತಲನ್ನೇ ನೋಡಿದಳು. ಬರಬೇಕಾದವನು ಬರಲಾರ, ಅದು ಗೊತ್ತಿದ್ದೂ ಆ ಹೆಂಗಸು ಬಾಗಿಲು ಹಾಕುತ್ತಿಲ್ಲ. ಇಷ್ಟು ವರ್ಷ ನೋಡಿಯೂ ಇದು ಅವಳಿಗೆ ಹೊಳೆದಿರಲಿಲ್ಲ. ಪರದೆಯಾಚೆಯ ಮೇಜಿನ ನೆನಪಾಯಿತು. ಅಲ್ಲಿ ಯಾರೂ ಇಲ್ಲದಿದ್ದರೆ? ಅಂಗೈ ಬೆವೆತಿತು, ಹಿಡಿಯಲು ಪಕ್ಕದಲ್ಲಿ ಯಾರ ತೋಳೂ ಇರಲಿಲ್ಲ.

"ಬಾಗಿಲು!" ಎಂದು ಓದಿಲ್ ಕೂಗಿದಳು. "ಬಾಗಿಲು ಹಾಕೇ ಮಾರಾಯ್ತಿ!"

ತಲೆಗಳೆಲ್ಲ ಅವಳತ್ತ ತಿರುಗಿದವು. ಆನ್ಸೆಲ್ಮ್‌ನ ಮೊಮ್ಮಗಳು! ಕೂಗಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ಪರದೆಯಾಚೆ ತಟ್ಟೆಯ ಮೇಲೆ ಫೋರ್ಕ್ ಬಿದ್ದ ಸದ್ದಾಯಿತು. ಪರದೆ ಸರಿಯಿತು. ಕಂಡಿಯಲ್ಲಿ ಎತ್ತರದ ಆಕೃತಿಯೊಂದು ನಿಂತಿತ್ತು, ಒಳಗೆ ಕಾಲಿಡಲು ಅಂಜುತ್ತಾ.

ಅವನಿಗಿಲ್ಲಿ ಕುರ್ಚಿಯಿಲ್ಲ ಎಂದು ಮುಂದಿನ ಸಾಲಿನ ಮುದುಕಿ ಗೊಣಗಿದಳು. ಅವನ ಬೆನ್ನ ಹಿಂದಿನಿಂದ ಗಿಲೇನ್ ಮದಾಮ್ ಸೊಂಟದ ಮೇಲೆ ಕೈಯಿಟ್ಟು ಉತ್ತರ ಕೊಟ್ಟಳು.

"ಕುರ್ಚಿ ಇಲ್ಲ ತಾನೇ? ನನ್ನ ಕೆಫೆ ಕುರ್ಚಿ ತಗೊಂಡ್ಹೋಗಪ್ಪ. ಅದು ಕ್ಲಬ್ಬಿಂದಲ್ಲ. ಅದಕ್ಕೆ ಯಾವ ಕಟ್ಟಳೇನೂ ಇಲ್ಲ."

ವಾನೆಸ್ ಕುರ್ಚಿ ಎತ್ತಿಕೊಂಡು, ಯಾರ ಯಾರದೋ ಕಾಲು ತುಳಿದು, ಕ್ಷಮೆ ಕೇಳುತ್ತಾ ಬಂದು ಓದಿಲ್‌ಳ ಪಕ್ಕ ನಡುದಾರಿಯಲ್ಲೇ ಇಟ್ಟು ಕೂತ. ಬೂಟಿಗೆ ಇವತ್ತೂ ಒಣಹುಲ್ಲು ಅಂಟಿತ್ತು.

"ಆ ಮಾತು ಎಲ್ಲರ ಮುಂದೆ ಆಡಬಾರದಿತ್ತು ನಾನು" ಎಂದ ಮೆಲ್ಲಗೆ. "ತಪ್ಪಾಯ್ತು."

"ಬಿಲ್ಲೆ ತಿರುಗಿಸಬಾರದಿತ್ತು ನಾನು."

"ನಿಜವಾಗ್ಲೂ ಹೆದರಿದ್ಯಾ?"

"ಹೂಂ."

"ಏನಕ್ಕೆ?"

ಓದಿಲ್ ತೆರೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಪರದೆ ಆಚೆ ನೀನು ಇಲ್ವೇನೋ ಅಂತ. ಇನ್ನು ಬರೋದೇ ಇಲ್ವೇನೋ ಅಂತ. ನೀನಿಲ್ದೆ ನಂಗಾಗಲ್ಲ ಕಣೋ."

ವಾನೆಸ್ ಅವಳ ಬೆವೆತ ಅಂಗೈಯನ್ನು ತನ್ನ ದಪ್ಪ ಬೆರಳುಗಳ ನಡುವೆ ಹಿಡಿದುಕೊಂಡ. ತೆರೆಯ ಮೇಲೆ ಆ ಬಾಗಿಲು ಇನ್ನೂ ತೆರೆದೇ ಇತ್ತು. ಇಬ್ಬರಿಗೂ ಹೆದರಿಕೆಯಾಗುತ್ತಿತ್ತು, ಇಬ್ಬರೂ ಸುಖವಾಗಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಅವನು ಅವಳ ಕಿವಿಯ ಬಳಿ ಬಾಗಿದ. "ಮುಂದಿನ ಸಲ ರೀಮೇಕ್ ಪರವಾಗಿ ಮಾತಾಡ್ಬೇಕಾದವಳು ನೀನು. ಗೊತ್ತಲ್ಲ?"

"ಗೊತ್ತು. ಒಂದು ಬೋಳು ಬಿಲ್ಲೆ ಬೇಕಾಗುತ್ತೆ. ಎತ್ತುತ್ತೀಯಾ?"

"ಎತ್ತುತ್ತೀನಿ."

"ಆದ್ರೂ ಆ ಪಾಚಿಮುಖ ಮಾತ್ರ ದರಿದ್ರ" ಎಂದಳು ಓದಿಲ್, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ, ಅವನ ಭುಜಕ್ಕೆ ತಲೆಯಾನಿಸಿ.